ಜುಟ್ಟಿಗೆ ಮಲ್ಲಿಗೆ ಮುಡಿದ ಆಂಪ್ಲಿಫೈಯರ್

ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟಿಕೊಳ್ಳುವವರ ನಡುವೆ ಈಗ ಒಂದು ಪದ ಮಂತ್ರದ ಹಾಗೆ ಓಡಾಡುತ್ತಿದೆ: ಅಪ್‌ಗ್ರೇಡ್. ಕಟ್ಟಿ ಮುಗಿಸಿ ತಿಂಗಳಾಗಿರುವುದಿಲ್ಲ, ಅಷ್ಟರಲ್ಲಿ ಅದರ ಕಂಡೆನ್ಸರ್ ಕಿತ್ತು ದುಬಾರಿಯದೊಂದನ್ನು ಹಾಕಬೇಕು. ಆಮೇಲೆ ವಾಲ್ವ್ ಬದಲಾಗಬೇಕು. ಆಮೇಲೆ ಒಳಗಿನ ತಾಮ್ರದ ತಂತಿ ಹೋಗಿ ಬೆಳ್ಳಿಯದು ಬರಬೇಕು. ಪ್ರತಿ ಸಲವೂ ಅದೇ ಉದ್ಗಾರ: ‘ಪರದೆ ಸರಿದ ಹಾಗಾಯಿತು!’ ಆರು ಸಲ ಸರಿದ ಮೇಲೂ ಇನ್ನೊಂದು ಪರದೆ ಉಳಿದೇ ಇರುತ್ತದೆ. ಅದು ಕಿಟಕಿಯೋ ಜವಳಿ ಅಂಗಡಿಯೋ?

ನಾನು ಗ್ರಾಮಫೋನ್ ಕಾಲದ ಕನ್ನಡ ರಂಗಗೀತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವನು. ಹಳೆಯ ಪ್ಲೇಟುಗಳ ನೆಪದಲ್ಲಿ ಈ ಹವ್ಯಾಸಿಗಳ ಸಹವಾಸ ಸಿಕ್ಕಿತು. ಅವರಲ್ಲಿ ಬಹಳಷ್ಟು ಮಂದಿ ಪ್ರೀತಿಯ ಜನ, ಕೈಕೆಲಸ ಬಲ್ಲವರು. ಆದರೂ ನೇರವಾಗಿ ಹೇಳುತ್ತೇನೆ: ಅಪ್‌ಗ್ರೇಡ್ ಎಂದು ನಡೆಯುತ್ತಿರುವುದರಲ್ಲಿ ಬಹುಪಾಲು ಸುಧಾರಣೆಯಲ್ಲ, ಬರೀ ಖರೀದಿ. ಅಂಗಡಿಯ ಪೆಟ್ಟಿಗೆ ಬೇಡ, ನಾನೇ ಕಟ್ಟುತ್ತೇನೆ ಎಂದು ಹೊರಟವನನ್ನು ಅದು ಹಿಂದಿನ ಬಾಗಿಲಿನಿಂದ ಮತ್ತೆ ಅಂಗಡಿಗೇ ಕರೆದುಕೊಂಡು ಬರುತ್ತದೆ.

ಎಲ್ಲರ ಕಣ್ಣೂ ಬೀಳುವುದು ಕಪ್ಲಿಂಗ್ ಕಂಡೆನ್ಸರಿನ ಮೇಲೆ. ಎರಡು ವಾಲ್ವುಗಳ ನಡುವೆ ಕೂತು, ಹಿಂದಿನ ವಾಲ್ವಿನ 200 ವೋಲ್ಟನ್ನು ತಡೆದು ಸಂಗೀತವನ್ನು ಮಾತ್ರ ಮುಂದೆ ಬಿಡುವುದು ಅದರ ಕೆಲಸ. ಸಾಮಾನ್ಯವಾಗಿ ಅದು 0.1 ಮೈಕ್ರೋಫ್ಯಾರಡ್, ಅದರ ಮುಂದೆ 470 ಕಿಲೋ ಓಮಿನ ರೆಸಿಸ್ಟರ್. ಲೆಕ್ಕ ಹಾಕಿ. ಒಂದು ಕಿಲೋಹರ್ಟ್ಸ್‌ನಲ್ಲಿ ಈ ಕಂಡೆನ್ಸರ್ ಒಡ್ಡುವ ಅಡ್ಡಿ ಸುಮಾರು 1,600 ಓಮ್, ಎದುರಿಗಿರುವುದು 4,70,000. ಧ್ವನಿ ಇಳಿಯತೊಡಗುವುದು ಸುಮಾರು 3.4 ಹರ್ಟ್ಸ್‌ನಲ್ಲಿ. ಮನುಷ್ಯನ ಕಿವಿಗೆ 20ರ ಕೆಳಗೆ ಹೆಚ್ಚುಕಡಿಮೆ ಏನೂ ಕೇಳುವುದಿಲ್ಲ. ಹಾಗಾದರೆ ಹತ್ತಿಪ್ಪತ್ತು ರೂಪಾಯಿಯ ಒಳ್ಳೆಯ ಪಾಲಿಪ್ರೊಪಿಲೀನ್ ಕಂಡೆನ್ಸರ್ ತೆಗೆದು ನಾಲ್ಕು ಸಾವಿರದ್ದು ಹಾಕಿದಾಗ ತೆರೆದುಕೊಂಡ ಆ ‘ಆಳ’ ಎಲ್ಲಿಂದ ಬಂತು? ಕೇಳಿದರೆ, ಇನ್ನೂ ನೂರು ಗಂಟೆ ಓಡಬೇಕು, ಆಮೇಲೆ ಅರಳುತ್ತದೆ ಎನ್ನುತ್ತಾರೆ. ನೂರು ಗಂಟೆಯಲ್ಲಿ ಅರಳುವುದು ಕಂಡೆನ್ಸರ್ ಅಲ್ಲ. ಕೊಟ್ಟ ದುಡ್ಡಿಗೆ ಮನಸ್ಸು ಒಗ್ಗಿಕೊಳ್ಳುತ್ತದೆ.

ಹಾಗೆಂದು ಕಂಡೆನ್ಸರ್ ಬದಲಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಳೆಯ ರೇಡಿಯೋದಿಂದ ಕಿತ್ತ ಕಾಗದದ ಕಂಡೆನ್ಸರ್ ಹಾಕಿಕೊಂಡಿದ್ದರೆ ಇವತ್ತೇ ಬದಲಿಸಿ. ಅದು ಸೋರುತ್ತದೆ. ಸೋರಿಕೆ 10 ಮೆಗಾ ಓಮಿನಷ್ಟಿದ್ದರೆ ಸಾಕು, 200 ವೋಲ್ಟಿನಲ್ಲಿ ಹೆಚ್ಚುಕಡಿಮೆ 9 ವೋಲ್ಟ್ ಮುಂದಿನ ವಾಲ್ವಿನ ಗ್ರಿಡ್ಡಿಗೆ ಇಳಿಯುತ್ತದೆ. ಇಎಲ್84 ವಾಲ್ವಿನ ಗ್ರಿಡ್ 250 ವೋಲ್ಟಿನಲ್ಲಿ ಕ್ಯಾಥೋಡಿಗಿಂತ ಸುಮಾರು 7.3 ವೋಲ್ಟ್ ಕೆಳಗಿರಬೇಕು. ಆಗ ಹರಿಯುವ 48 ಮಿಲಿಆಂಪಿಗೇ ಅದು ತನ್ನ 12 ವ್ಯಾಟಿನ ಮಿತಿ ಮುಟ್ಟಿಬಿಟ್ಟಿರುತ್ತದೆ. ಅಂಥ ಕಡೆ 9 ವೋಲ್ಟ್ ಸೋರಿದರೆ ವಾಲ್ವಿನ ಒಳಗಿನ ತಗಡು ಕೆಂಪಗೆ ಕಾಯುವುದನ್ನು ಕಣ್ಣಾರೆ ಕಾಣಬಹುದು. ಹಾಗೆಯೇ ಹಳೆಯ ಕಾರ್ಬನ್ ರೆಸಿಸ್ಟರುಗಳ ಬೆಲೆ ವರ್ಷ ಕಳೆದ ಹಾಗೆ ಏರುತ್ತದೆ, ಮೊದಲ ಹಂತದಲ್ಲಿದ್ದರೆ ಸುಯ್ ಎನ್ನುತ್ತವೆ. ಅಲ್ಲಿಗೆ ಎರಡು ರೂಪಾಯಿಯ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ ವ್ಯತ್ಯಾಸ ಯಾರಿಗೂ ಕೇಳುತ್ತದೆ. ಹಿಂದಿನ ಕಾಲದ ರೇಡಿಯೋ ರಿಪೇರಿಯವರು ಇದನ್ನೆಲ್ಲ ‘ರಿಪೇರಿ’ ಎಂದೇ ಕರೆಯುತ್ತಿದ್ದರು. ಮೊದಲು ಮೀಟರ್ ಹಿಡಿದು ಅಳೆಯುತ್ತಿದ್ದರು, ಕೆಟ್ಟದ್ದನ್ನು ಕೀಳುತ್ತಿದ್ದರು, ಚೆನ್ನಾಗಿರುವುದನ್ನು ಬಿಡುತ್ತಿದ್ದರು.

ಅಳೆಯದೆ ಬದಲಿಸುವವರು ದುಡ್ಡು ಕಳೆದುಕೊಳ್ಳುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವರು ಕೆಡಿಸುತ್ತಾರೆ. ಪವರ್ ಸಪ್ಲೈಯಲ್ಲಿ ದೊಡ್ಡ ಕಂಡೆನ್ಸರ್ ಇದ್ದಷ್ಟೂ ಒಳ್ಳೆಯದು ಎಂಬುದು ಇನ್ನೊಂದು ನಂಬಿಕೆ. ಇಝಡ್81 ರೆಕ್ಟಿಫೈಯರ್ ವಾಲ್ವಿನ ಮುಂದೆ 50 ಮೈಕ್ರೋಫ್ಯಾರಡ್‌ಗಿಂತ ಹೆಚ್ಚು ಇಡಬೇಡಿ ಎಂದು ಅದನ್ನು ತಯಾರಿಸಿದವರೇ ಡೇಟಾಶೀಟಿನಲ್ಲಿ ಬರೆದಿದ್ದಾರೆ, ಜಿಝಡ್34ಕ್ಕೆ 60. ನಮ್ಮವರು 220 ಹಾಕುತ್ತಾರೆ. ಪ್ರತಿ ಅಲೆಯ ತುದಿಯಲ್ಲೂ ಕಂಡೆನ್ಸರ್ ತುಂಬಿಕೊಳ್ಳಲು ವಾಲ್ವಿನಿಂದ ಮಿತಿಮೀರಿದ ಕರೆಂಟ್ ಎಳೆಯುತ್ತದೆ. ಕೆಲವು ತಿಂಗಳಲ್ಲಿ ವಾಲ್ವ್ ಸಾಯುತ್ತದೆ. ಆಗ ಹೊಸ ವಾಲ್ವ್ ತರುತ್ತಾರೆ. ಅದನ್ನೂ ಅಪ್‌ಗ್ರೇಡ್ ಎಂದೇ ಕರೆಯುತ್ತಾರೆ.

ಇನ್ನೊಂದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಪರಿಚಯದ ಹುಡುಗನೊಬ್ಬ, ಫೆಲೋಶಿಪ್ ಹಣ ಯಾವಾಗ ಬರುತ್ತದೋ ಎಂದು ಕಾಯುವವನು, ನಾಲ್ಕು ವಿದೇಶಿ ಕಂಡೆನ್ಸರುಗಳಿಗೆ ಎರಡು ತಿಂಗಳ ಮೆಸ್ ಬಿಲ್ಲಿನಷ್ಟು ಸುರಿದಿದ್ದ. ಅವನ ಆಂಪ್ಲಿಫೈಯರ್ ತಿರುಗಿಸಿ ನೋಡಿದರೆ ಎರಡೇ ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲ, ಫ್ಯೂಸ್ ಇಲ್ಲ. ಸ್ವಿಚ್ ಆರಿಸಿದ ಮೇಲೂ 300 ವೋಲ್ಟ್ ಹಿಡಿದುಕೊಂಡು ಕೂರುವ ಫಿಲ್ಟರ್ ಕಂಡೆನ್ಸರಿಗೆ ಬ್ಲೀಡರ್ ರೆಸಿಸ್ಟರೂ ಇಲ್ಲ. 100 ಮೈಕ್ರೋಫ್ಯಾರಡ್ ಕಂಡೆನ್ಸರಿಗೆ ಅಡ್ಡಲಾಗಿ 220 ಕಿಲೋ ಓಮ್, 2 ವ್ಯಾಟಿನ ರೆಸಿಸ್ಟರ್ ಒಂದನ್ನು ಬೆಸೆದರೆ ಎರಡು ನಿಮಿಷದಲ್ಲಿ ಆ 300 ವೋಲ್ಟ್ ಎರಡು ಮೂರಕ್ಕೆ ಇಳಿಯುತ್ತದೆ. ಬೆಲೆ ಒಂದು ಚಹಾದಷ್ಟೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಅಂದದ್ದು ಇಂಥದ್ದಕ್ಕೇ. ಇಲ್ಲಿ ಹಸಿವಿನ ಜೊತೆಗೆ ಜೀವದ ಪ್ರಶ್ನೆಯೂ ಇದೆ. ಅವನಿಗೆ ‘ಗಾಳಿಯಾಡುವ ಟ್ರೆಬಲ್’ ಬಗ್ಗೆ ಗಂಟೆಗಟ್ಟಲೆ ಉಪದೇಶ ಮಾಡಿದ ಅಣ್ಣಂದಿರಲ್ಲಿ ಒಬ್ಬರೂ ಅರ್ಥಿಂಗ್ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನ ತಕರಾರು ಅವರ ಪದಗಳ ಬಗ್ಗೆಯೂ ಇದೆ. ‘ಬೆಚ್ಚಗಿನ ಧ್ವನಿ’, ‘ಜೀವಂತಿಕೆ’, ‘ರಸ’ ಎಂಬ ಮಾತುಗಳು ಈ ವಲಯದಲ್ಲಿ ಧಾರಾಳ. ಕವಿತೆಯ ಬಗ್ಗೆ ಯಾರಾದರೂ ಹೀಗೆ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ? ಯಾವ ಸಾಲು, ಯಾವ ಪದ, ತೋರಿಸಿ ಎನ್ನುತ್ತೇವೆ. ಇಲ್ಲಿ ತೋರಿಸಿ ಎಂದರೆ ‘ನಿಮಗೆ ಕಿವಿ ಇಲ್ಲ’ ಎಂಬ ಉತ್ತರ ಬರುತ್ತದೆ. ಸಹೃದಯ ಎಂಬ ದೊಡ್ಡ ಪದವನ್ನು ಕೆಲವರು ಕ್ರೆಡಿಟ್ ಕಾರ್ಡಿನಂತೆ ಬಳಸುತ್ತಿದ್ದಾರೆ. ಸ್ವಲ್ಪ ಜೋರಾಗಿ ಕೇಳಿದ್ದೇ ಹೆಚ್ಚು ಇಂಪು ಎನಿಸುವುದು ನಮ್ಮ ಕಿವಿಯ ಸ್ವಭಾವ. ಒಂದು ಡೆಸಿಬೆಲ್‌ನಷ್ಟು ಸಣ್ಣ ಏರಿಕೆಯೂ ಮೋಸ ಮಾಡಬಲ್ಲದು. ಬಿಡಿಭಾಗ ಬದಲಿಸಿ, ವಾಲ್ಯೂಮನ್ನು ಮತ್ತೆ ಅಂದಾಜಿನಲ್ಲಿ ತಿರುಗಿಸಿ ಕೂತವನು ಕೇಳಿದ್ದು ಯಾವುದನ್ನು?

ವಾಲ್ವಿನ ಹೆಸರುಗಳ ಮೋಹವೂ ಅಷ್ಟೇ. ಬ್ರಿಟನ್ನಿನ ಮುಲ್ಲಾರ್ಡ್ ಹೆಸರು ಹೊತ್ತ ಹೊಸ ವಾಲ್ವುಗಳು ಬರುವುದು ರಷ್ಯಾದ ಸರಾತೋವ್‌ನಿಂದ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಡಬ್ಬಿಯ ಮೇಲಿನ ಹೆಸರು ಬಿಟ್ಟು ಟೆಸ್ಟರಿನ ಮುಳ್ಳು ನೋಡುವ ಅಭ್ಯಾಸ ಇದ್ದವನಿಗೆ ಎರಡೂ ಒಂದೇ.

ಇನ್ನು ಇದರಲ್ಲಿ ಕೇಳುವುದೇನು? ನಮ್ಮ ಬಳಗದಲ್ಲಿ ಹೆಚ್ಚಾಗಿ 78 ಆರ್‌ಪಿಎಂನ ಪ್ಲೇಟುಗಳು. 1925ರ ನಂತರ ವಿದ್ಯುತ್ ರೆಕಾರ್ಡಿಂಗ್ ಬಂದ ಮೇಲೂ ಆ ಕಾಲದ ಪ್ಲೇಟುಗಳಲ್ಲಿ ಐದಾರು ಕಿಲೋಹರ್ಟ್ಸ್ ದಾಟಿ ಉಳಿದಿರುವುದು ಮುಖ್ಯವಾಗಿ ಸವೆತದ ಕರಕರ. ಅದಕ್ಕೂ ಹಿಂದೆ, ಕೊಳವೆಗೆ ಬಾಯಿಟ್ಟು ಹಾಡಿದ ಕಾಲದವುಗಳಲ್ಲಿ ಇನ್ನೂ ಕಡಿಮೆ. ಅಲ್ಲಿಲ್ಲದ ‘ಗಾಳಿ’ಯನ್ನು ಯಾವ ಕಂಡೆನ್ಸರೂ ತರಲಾರದು. ಆದರೆ ಅವೇ ಪ್ಲೇಟುಗಳನ್ನು ಎಲ್‌ಪಿಯ ಸಣ್ಣ ಸೂಜಿಯಲ್ಲಿ ನುಡಿಸುತ್ತಿದ್ದಾರೆ! ಎಲ್‌ಪಿಯ ಸೂಜಿಯ ಮೊನೆ ಹೆಚ್ಚೆಂದರೆ 25 ಮೈಕ್ರಾನ್, 78ರ ಗೀರಿಗೆ ಬೇಕಾದದ್ದು ಸುಮಾರು 75. ಸಣ್ಣ ಸೂಜಿ ಗೀರಿನ ತಳದ ಕಸದಲ್ಲಿ ಹೊರಳಾಡುತ್ತದೆ. ಸರಿಯಾದ ಸೂಜಿ ಹಾಕಿದ ದಿನ ಹಾಡುಗಾರನ ಉಚ್ಚಾರ ಬಿಡಿಸಿ ಕೇಳುತ್ತದೆ. ಸಾಹಿತ್ಯ ಬರೆದುಕೊಳ್ಳಬೇಕಾದ ನನ್ನಂಥವನಿಗೆ ಒಂದು ಅಕ್ಷರ ‘ಳ’ವೋ ‘ಲ’ವೋ ಎಂಬುದು ಪ್ರಬಂಧದ ಅಡಿಟಿಪ್ಪಣಿಯ ಪ್ರಶ್ನೆ.

‘ಅವರವರ ದುಡ್ಡು, ಅವರವರ ಖುಷಿ, ನಿನಗೇನು ಹೊಟ್ಟೆಯುರಿ?’ ಎನ್ನಬಹುದು. ಖುಷಿಗೆಂದು ಕೊಳ್ಳುವವರ ಜೊತೆ ನನಗೆ ಜಗಳವಿಲ್ಲ. ಚಿನ್ನದ ಬಣ್ಣದ ಕಂಡೆನ್ಸರ್ ನೋಡಲು ಚೆಂದ, ಒಪ್ಪುತ್ತೇನೆ. ಚೆಂದವನ್ನು ಜ್ಞಾನ ಎಂದು ಕಿರಿಯರಿಗೆ ಮಾರುವುದರ ಜೊತೆ ಜಗಳ. ಡಿ.ಟಿ.ಎನ್. ವಿಲಿಯಮ್ಸನ್ 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ತನ್ನ 15 ವ್ಯಾಟಿನ ಆಂಪ್ಲಿಫೈಯರ್ ಪ್ರಕಟಿಸಿದಾಗ ಅವನ ಗಮನವೆಲ್ಲ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೇಲಿತ್ತು, 20 ಡೆಸಿಬೆಲ್ ಫೀಡ್‌ಬ್ಯಾಕ್ ಕೊಟ್ಟರೂ ಸರ್ಕ್ಯೂಟ್ ಅದುರದಂತೆ ಹಿಡಿಯುವುದರ ಮೇಲಿತ್ತು. ಎಪ್ಪತ್ತೈದು ವರ್ಷ ಕಳೆದ ಮೇಲೆ ನಾವು ಟ್ರಾನ್ಸ್‌ಫಾರ್ಮರ್ ಎಂದರೆ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ್ದೊಂದು ಸಾಕು ಎನ್ನುತ್ತೇವೆ, ಉಳಿದ ದುಡ್ಡು ಕಂಡೆನ್ಸರಿಗೆ. ಸುತ್ತುವ ಕುಶಲಿಯನ್ನು ಹುಡುಕಿ, ಎರಡು ಇಎಲ್84ಕ್ಕೆ 8 ಕಿಲೋ ಓಮಿನ ಪ್ರೈಮರಿಯನ್ನು ಪದರ ಪದರವಾಗಿ ಸೆಕೆಂಡರಿಯೊಡನೆ ಹೆಣೆದು ಕೊಡಿ ಎಂದು ಕೇಳುವುದು ಕಷ್ಟದ ಕೆಲಸ. ಕೇಳಲು ನಮಗೆ ಮೊದಲು ವಿಷಯ ಗೊತ್ತಿರಬೇಕು.

ಇಷ್ಟಾದರೂ ಕಂಡೆನ್ಸರ್ ಕೇಳಿಸುತ್ತದೆ ಎನ್ನುವವರಿಗೆ ಒಂದು ಪರೀಕ್ಷೆ. ಸ್ಟೀರಿಯೋ ಆಂಪ್ಲಿಫೈಯರಿನ ಒಂದು ಚಾನೆಲ್ಲಿಗೆ ಮಾತ್ರ ಹೊಸ ಕಂಡೆನ್ಸರ್ ಹಾಕಿ, ಇನ್ನೊಂದರಲ್ಲಿ ಹಳೆಯದೇ ಇರಲಿ. ಒಂದು ಮೋನೋ ರೆಕಾರ್ಡ್, ಒಂದೇ ಸ್ಪೀಕರ್, ಮೀಟರಿನಲ್ಲಿ ಸಮ ಮಾಡಿದ ಧ್ವನಿಮಟ್ಟ. ಚಾನೆಲ್ ಬದಲಿಸುವುದನ್ನು ಗೆಳೆಯನಿಗೆ ಬಿಡಿ. ಯಾವುದು ಎಂದು ಅವನು ನಾಣ್ಯ ಚಿಮ್ಮಿ ಆರಿಸಲಿ, ನೀವು ಬೆನ್ನು ತಿರುಗಿಸಿ ಕೂತು ಹತ್ತು ಸಲ ಉತ್ತರ ಬರೆಯಿರಿ. ಆಮೇಲೆ ಕಂಡೆನ್ಸರುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ. ಬರೀ ಊಹೆಯಿಂದ ಹತ್ತರಲ್ಲಿ ಒಂಬತ್ತು ಸರಿಯಾಗುವುದು ನೂರಕ್ಕೊಮ್ಮೆ. ಎರಡು ಸುತ್ತಿನಲ್ಲೂ ಒಂಬತ್ತು ಬಂದವರು ಸರ್ಕ್ಯೂಟಿನ ನಕ್ಷೆ ಸಮೇತ ಬರೆದು ಕಳಿಸಲಿ. ನಾನೇ ಮೀಟರ್ ಹಿಡಿದುಕೊಂಡು ಅವರ ಮನೆಗೆ ಹೋಗುತ್ತೇನೆ.