ಪಂಪು ಬಿಚ್ಚಿಸುವ ಮುನ್ನ ಲೆಕ್ಕ ಹಿಡಿಯಿರಿ



ಟೊಮೆಟೊ ಹೊತ್ತು ಮಂಡಿಗೆ ಹೋಗಿಬರುವ ನಿಮ್ಮ ಹಳೆಯ ಪಿಕಪ್ ಈಚೆಗೆ ಡೀಸೆಲ್ ಹೆಚ್ಚು ಕುಡಿಯುತ್ತಿದೆಯೇ? ಕೂಡಲೇ ಡ್ರೈವರನನ್ನು ದೂರುವುದು, ಡೀಸೆಲ್ ಪಂಪು ಬಿಚ್ಚಿಸುವುದು ನಮ್ಮಲ್ಲಿ ರೂಢಿ. ಇವೆರಡೂ ಕೊನೆಯ ಕೆಲಸವಾಗಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಅಳತೆಯಾಗಲಿ. ಟ್ಯಾಂಕು ತುಂಬಿಸಿ ಮೀಟರು ಬರೆದಿಡಿ. 300 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. 25 ಲೀಟರ್ ಹಿಡಿದರೆ ಲೀಟರಿಗೆ 12 ಕಿ.ಮೀ. ಬಂದಂತಾಯಿತು. ಹೊರೆ, ದಾರಿ ಒಂದೇ ಬಗೆಯಾಗಿರುವಂತೆ ಮೂರು ಸಲ ನೋಡಿ. ಈ 12 ಎಂಬುದು 9ಕ್ಕೆ ಇಳಿದರೆ ಪ್ರತಿ 900 ಕಿ.ಮೀ.ಗೆ 25 ಲೀಟರ್ ನಷ್ಟ!

ಮೈಲೇಜು ಇಳಿದದ್ದು ನಿಜವಾದರೆ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ. ಟಯರು ತಣ್ಣಗಿರುವಾಗ ಗಾಳಿ ನೋಡಿಸಿ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ ಕಪ್ಪು ಹೊಗೆ ಬರುತ್ತದೆ. ಗಾಡಿ ನಿಂತ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕಿದೆಯೇ ಗಮನಿಸಿ. ಸಮನೆಲದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ, ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ತೀರ ಬಿಗಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು.

ಇನ್ನೊಂದು ಮಾತು. ಎಂಜಿನ್ ಕಾಯುತ್ತದೆಂದು ಕೆಲವರು ಥರ್ಮೋಸ್ಟಾಟನ್ನೇ ಕಿತ್ತುಬಿಡುತ್ತಾರೆ. ಆಗ ಎಂಜಿನ್ ತಕ್ಕಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಸುಡುತ್ತದೆ. ರೇಡಿಯೇಟರು ಸರಿಪಡಿಸಿ ಅದನ್ನು ಮತ್ತೆ ಹಾಕಿಸಿ.

ಇಷ್ಟೆಲ್ಲ ಸರಿಯಿದ್ದೂ ಕಪ್ಪು ಹೊಗೆ ನಿಲ್ಲದಿದ್ದರೆ ಮಾತ್ರ ನಾಜಲ್, ಪಂಪುಗಳನ್ನು ಪರೀಕ್ಷೆಗೆ ಕೊಡಿ. ಗಾಡಿಯಲ್ಲಿ ಸದಾ ಒಂದು ಲೆಕ್ಕದ ಪುಸ್ತಕವಿರಲಿ. ಅದು ನಿಮ್ಮ ಹಣವನ್ನೂ ಉಳಿಸುತ್ತದೆ, ಡ್ರೈವರನ ಮಾನವನ್ನೂ ಉಳಿಸುತ್ತದೆ.