ಬೆಟ್ಟದೂರನ್ನು ನೋಡುವ ಬಗೆ

ವಡಾಲದ ಕನ್ನಡಿಗನಿಗೆ ಮಾಥೇರಾನ್ ದೂರದ ಊರೇನಲ್ಲ. ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಬಂದು, ಅಲ್ಲಿ ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿದರೆ ಬೆಟ್ಟದ ಬುಡವನ್ನು ತಲುಪಿದಂತೆಯೇ. ಮುಂಜಾನೆ ಹೊರಟು ರಾತ್ರಿಯೂಟಕ್ಕೆ ಮನೆ ಸೇರಬಹುದಾದ ಈ ವಿಹಾರವು ಸಾಮಾನ್ಯವಾಗಿ ಪನೋರಮಾ, ಲೂಯಿಸಾ, ಎಕೋ ಮುಂತಾದ ಪಾಯಿಂಟುಗಳ ಎಣಿಕೆಯಲ್ಲಿ ಮುಗಿದುಹೋಗುತ್ತದೆ. ಆದರೆ ಕಣಿವೆಯನ್ನು ಕಂಡವನು ಊರನ್ನು ಕಂಡನೆಂದು ಹೇಳಲಾಗದು.

1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ‘ಕಂಡುಹಿಡಿದ’ನೆಂಬುದು ರೂಢಿಯ ಮಾತು. ಠಾಕೂರ, ಕಾತಕರಿ, ಧನಗರ ಜನರು ಓಡಾಡುತ್ತಿದ್ದ ಬೆಟ್ಟವನ್ನು ಹೊಸದಾಗಿ ಕಂಡುಹಿಡಿಯುವುದೆಂದರೇನು? 1907ರಲ್ಲಿ ಆದಮ್‌ಜೀ ಪೀರ್‌ಭಾಯ್ ಮನೆತನದ ಹಣದಿಂದ ಎರಡಡಿ ಅಗಲದ ಹಳಿಯ ರೈಲು ಮೇಲೇರಿತು. ಹಣ ಹೂಡಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಬಂಡೆ ಕಡಿದವರ ಹೆಸರು ಉಳಿದಿಲ್ಲ.

ಪ್ರವಾಸಿಗರ ಮೋಟಾರುಗಳು ದಸ್ತೂರಿ ನಾಕಾದಲ್ಲಿಯೇ ನಿಲ್ಲಬೇಕೆಂಬ ಕಟ್ಟುಪಾಡು ಈ ಊರಿನ ಹಿರಿಮೆ. 2003ರಲ್ಲಿ ಇದನ್ನು ಪರಿಸರ ಸೂಕ್ಷ್ಮ ವಲಯವೆಂದೂ ಘೋಷಿಸಲಾಯಿತು. ಆದರೆ ಮೋಟಾರು ಹೊರದ ಭಾರವನ್ನು ಯಾರಾದರೂ ಹೊರಲೇಬೇಕಷ್ಟೆ. ಕುದುರೆಯ ಬೆನ್ನು, ಕೂಲಿಯ ತಲೆ, ಕೈರಿಕ್ಷಾ ಎಳೆಯುವವನ ತೋಳು ಆ ಭಾರವನ್ನು ಹೊತ್ತಿವೆ. ಕೆಂಪು ಮಣ್ಣಿನ ಏರುದಾರಿಯಲ್ಲಿ ಮನುಷ್ಯನು ಮನುಷ್ಯನನ್ನು ಎಳೆಯುವ ಈ ಪದ್ಧತಿಯನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು, ಎಳೆಯುತ್ತಿದ್ದವರಿಗೆ ವಿದ್ಯುತ್ ರಿಕ್ಷಾ ಒದಗಿಸಿ ಪುನರ್ವಸತಿ ಕಲ್ಪಿಸಬೇಕೆಂದು 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು.

ವಿದ್ಯುತ್ ರಿಕ್ಷಾಗಳಿಂದ ಊರಿನ ಹಳೆಯ ಸೊಗಸು ಕೆಡುವುದೆಂಬ ಆಕ್ಷೇಪವಿದೆ. ಅವುಗಳ ಸಂಖ್ಯೆಗೆ ಮಿತಿಯಿರಬೇಕೆಂಬುದು ಒಪ್ಪತಕ್ಕ ಮಾತು. ಕುದುರೆಯವರ ಅನ್ನದ ಚಿಂತೆಯೂ ಅಲಕ್ಷಿಸತಕ್ಕುದಲ್ಲ. ಆದರೆ ಪರಂಪರೆಯ ಹೆಸರಿನಲ್ಲಿ ಒಬ್ಬನ ಹೆಗಲಿಗೆ ನೊಗವಿಡುವುದು ಯಾವ ಸೊಗಸು? ಉಳಿಸಬೇಕಾದದ್ದು ಕಾಡು, ಕಾಲುದಾರಿ ಮತ್ತು ನಿಶ್ಶಬ್ದ, ದಾಸ್ಯವನ್ನಲ್ಲ.

ಇದನ್ನು ಮುಂಬಯಿ ಕನ್ನಡಿಗನಿಗೆ ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ದುಡಿಮೆಯಿಂದಲೇ ಈ ನಗರದಲ್ಲಿ ಕನ್ನಡದ ಸಂಘಗಳು, ಶಾಲೆಗಳು ತಲೆಯೆತ್ತಿದವು. ಆ ಬೆವರಿನ ನೆನಪುಳ್ಳವನು ಮಾಥೇರಾನಿನಲ್ಲಿ ಕಾಲ್ನಡೆಯಲ್ಲಿ ಸಾಗಲಿ. ಹೊರೆ ಹೊರುವವನಿಗೆ ಚೌಕಾಸಿಯಿಲ್ಲದೆ ಕೂಲಿ ಕೊಡಲಿ. ಅವನ ಊರು ಯಾವುದೆಂದು ಒಂದು ಮಾತು ಕೇಳಲಿ. ಆಗ ಒಂದು ದಿನದ ಆ ವಿಹಾರವೂ ಚರಿತ್ರೆಯ ಪಾಠವಾದೀತು.