ಕೊರಳಿಗೆ ಬಂದ ಗಲ್ಲುಗಂಬ

1858ರ ಜೂನ್ 12ರಂದು ಬ್ರಿಟಿಷರು ತಮ್ಮ ವಿರುದ್ಧ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಆ ಹೆಸರಿಗೆ ಇವತ್ತಿಗೂ ಮರ್ಯಾದೆ ಇದೆ. ಆದರೆ ಅಭಿಮಾನ ಎಷ್ಟೇ ಇದ್ದರೂ ಅವರ ಕೊರಳಿಗೆ ಬಿದ್ದ ಉರುಳನ್ನು ಬಂಗಾರದಲ್ಲಿ ಮಾಡಿಸಿ ಯಾರೂ ಮಗಳ ಸರಕ್ಕೆ ಪೋಣಿಸಿಲ್ಲ. ಇದೇ ಸೀಮೆಯ ರಾಜೂರಿನವರು ಯಾರಾದರೂ ಹಾಗೆ ಮಾಡಿಸಲು ಹೋದರೆ ಅಕ್ಕಸಾಲಿಗನೇ ಬೈದು ಕಳಿಸಿಯಾನು.

ಕ್ರೈಸ್ತರು ಮಾಡಿರುವುದು ಹೆಚ್ಚುಕಡಿಮೆ ಅದನ್ನೇ.

ಯೇಸು ಸತ್ತ ಕಾಲಕ್ಕೆ ಶಿಲುಬೆಯೆಂದರೆ ರೋಮನ್ ಸರ್ಕಾರದ ಗಲ್ಲುಗಂಬ. ಅದೂ ಗುಲಾಮರಿಗೆ, ಬಂಡುಕೋರರಿಗೆ. ರೋಮನ್ ಪೌರನಿಗೆ ಸಾಮಾನ್ಯವಾಗಿ ಆ ಸಾವು ಇರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಮುರಿದುಬಿದ್ದಾಗ ಸುಮಾರು 6000 ಜನರನ್ನು ಕಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೆ ಜಡಿದು ನಿಲ್ಲಿಸಿದರು, ಹೋಗಿಬರುವವರು ನೋಡಿಕೊಂಡು ಹೋಗಲಿ ಎಂದೇ. ರೋಮ್‌ನ ಗೋಡೆಯೊಂದರ ಮೇಲೆ ಸಿಕ್ಕ ಹಳೆಯ ಗೀಚುಚಿತ್ರದಲ್ಲಿ ಶಿಲುಬೆಯ ಮೇಲಿರುವ ಮನುಷ್ಯನಿಗೆ ಕತ್ತೆಯ ತಲೆ. ಅಲೆಕ್ಸಾಮೆನೋಸ್ ಎಂಬವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಲೇವಡಿ ಅದರ ಕೆಳಗಿದೆ. ಕ್ರೈಸ್ತರೇ ಶಿಲುಬೆಯ ಮೇಲಿನ ಯೇಸುವನ್ನು ಚಿತ್ರಿಸಲು ನೂರಾರು ವರ್ಷ ಹಿಂಜರಿದರು. ಐದನೆಯ ಶತಮಾನಕ್ಕೆ ಮೊದಲು ಅಂಥ ಚಿತ್ರ ತೀರಾ ಅಪರೂಪ.

ಕನ್ನಡದ ಕಿವಿಗೆ ಈ ನಾಚಿಕೆ ತಟ್ಟದಿರಲು ಪದವೂ ಒಂದು ಕಾರಣ. ಶಿಲುಬೆ ಸುರಿಯಾನಿ ಮೂಲದ ಮಾತು, ದಕ್ಷಿಣದ ಹಳೆಯ ಕ್ರೈಸ್ತರ ಮೂಲಕ ಬಂದದ್ದು. ಕನ್ನಡದಲ್ಲಿ ಶೂಲ ಇತ್ತು, ಗಲ್ಲು ಇತ್ತು. ಕೇಳಿದರೇ ಮೈ ಜುಮ್ಮೆನ್ನುವ ಮಾತುಗಳು. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಜನರ ಬಾಯಲ್ಲಿ ಕೊನೆಗೆ ನಿಂತದ್ದು ಶಿಲುಬೆ. ಚೆಂದದ ಪದ, ಹಾಡಿಗೂ ಒಗ್ಗುತ್ತದೆ. ಆದರೆ ಅದನ್ನು ಕೇಳಿ ಯಾರೂ ಬೆಚ್ಚುವುದಿಲ್ಲ.

ಹಾಗೆಂದು ಕೊಂದವರ ಅಧಿಕಾರಕ್ಕಿಂತ ಸತ್ತವರ ಹೆಸರು ದೊಡ್ಡದಾಗುವ ಕಥೆ ಈ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದಲ್ಲಿ ಶರಣರಾದ ಹರಳಯ್ಯ, ಮಧುವರಸರನ್ನು ಎಳೆಹೂಟೆಗೆ ಕಟ್ಟಿದ್ದನ್ನು ಪುರಾಣ ಹಚ್ಚಿದಾಗೆಲ್ಲ ಹೇಳುತ್ತಾರೆ. ಮೊಹರಮ್ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರ ದುಃಖವನ್ನು ಅಚ್ಚ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ನಿರಪರಾಧಿಯ ಸಾವಿಗೆ ಮರುಗುವುದನ್ನು ಉತ್ತರ ಕರ್ನಾಟಕಕ್ಕೆ ಮಿಷನರಿ ಬಂದು ಕಲಿಸಬೇಕಿರಲಿಲ್ಲ.

ಕ್ರೈಸ್ತ ಭಕ್ತರ ದಾರಿ ಬೇರೆಯಾಗುವುದು ಮರುಕದಲ್ಲಲ್ಲ, ಒಂದು ಪದದಲ್ಲಿ. ಯೇಸು ‘ನನಗಾಗಿ’ ಸತ್ತ ಎನ್ನುತ್ತಾರೆ ಅವರು. ಕನ್ನಡದಲ್ಲಿ ಇದರ ಮಗ್ಗುಲಲ್ಲೇ ಇನ್ನೊಂದು ಮಾತಿದೆ: ‘ನನ್ನಿಂದಾಗಿ’. ಮೊದಲನೆಯದರಲ್ಲಿ ಉಪಕಾರ, ಎರಡನೆಯದರಲ್ಲಿ ಅಪರಾಧ. ಶಿಲುಬೆಯ ಮುಂದೆ ಮೊಣಕಾಲೂರಿದವರಿಗೆ ಇವೆರಡೂ ಒಟ್ಟಿಗೇ ಕೇಳಿಸಬೇಕು. ಒಂದನ್ನೇ ಕೇಳಿಸಿಕೊಂಡರೆ ಶಿಲುಬೆ ಬರೀ ತಾಯಿತವಾಗುತ್ತದೆ, ಇಲ್ಲವೇ ಬರೀ ಚಾಟಿಯಾಗುತ್ತದೆ. ಎರಡೂ ಬಗೆಯ ಬೋಧನೆಗೆ ಚರ್ಚುಗಳಲ್ಲಿ ಬರವಿಲ್ಲ.

ಶಿಲುಬೆಯ ಕಥೆಯಲ್ಲಿ ರಾಜೂರಿನ ಒಕ್ಕಲಿಗನಿಗೆ ತೀರಾ ಹತ್ತಿರದವನು ಕುರೇನದ ಸೀಮೋನ. ಊರ ಹೊರಗಿನಿಂದ ಬರುತ್ತಿದ್ದವನು. ಯೇಸುವಿನ ಶಿಷ್ಯನಲ್ಲ, ಶತ್ರುವೂ ಅಲ್ಲ. ಹೊರಲಾರದೆ ತತ್ತರಿಸುತ್ತಿದ್ದ ಕೈದಿಯ ಶಿಲುಬೆಯನ್ನು ಸಿಪಾಯಿಗಳು ಇವನ ಹೆಗಲಿಗೆ ಹೊರಿಸಿದರು. ಸರ್ಕಾರಿ ಜನ ದಾರಿಹೋಕನನ್ನು ಹಿಡಿದು ಹೊರೆ ಹೊರಿಸಿದರೆ ಹಳ್ಳಿಯವರು ಅದಕ್ಕೆ ಬಿಟ್ಟಿ ಎನ್ನುತ್ತಾರೆ. ಸುವಾರ್ತೆ ಬರೆದ ಮಾರ್ಕನು ಈ ಬಿಟ್ಟಿಯಾಳಿನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ: ಅಲೆಕ್ಸಾಂದ್ರ, ರೂಫ. ಆ ಮಕ್ಕಳು ಓದುಗರಿಗೆ ಗುರುತಿದ್ದವರೇ ಇರಬೇಕು. ಒಲ್ಲದ ಹೆಗಲ ಮೇಲೆ ಬಂದ ಮರ ಮನೆತನದ ನೆನಪಾಗಿ ಉಳಿಯಿತು. ಕ್ಯಾಥೊಲಿಕರ ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ಐದನೆಯದು ಇವನದು.

ಇಂಥ ಹತ್ತಿರದ ದಾರಿ ಇರುವಾಗ ಫರ್ಡಿನಾಂಡ್ ಕಿಟೆಲ್ ಹಿಡಿದದ್ದು ಸುತ್ತುದಾರಿ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದಿತ್ತು. 1853ರಲ್ಲಿ ಆ ಮಿಷನ್‌ನಿಂದ ಬಂದ ಕಿಟೆಲ್ ಕನ್ನಡ ನಿಘಂಟಿಗೂ ಮೊದಲು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲೇ ಬರೆದರು. ಆಮೇಲೆ ‘ಯಜ್ಞಸುಧಾನಿಧಿ’ ಬರೆದು, ವೇದದ ಯಜ್ಞದ ಕಡೆಯಿಂದ ಶಿಲುಬೆಯ ಬಲಿಯನ್ನು ತಿಳಿಸಲು ಹೊರಟರು. ವಿದ್ವತ್ತು ದೊಡ್ಡದು, ತಟ್ಟಿದ ಬಾಗಿಲು ಮಾತ್ರ ತಪ್ಪು. ಯಜ್ಞವನ್ನೇ ಒಲ್ಲೆವೆಂದ ಶರಣರ ನಾಡಿದು. ಬಲಿಗೆ ತಂದ ಕುರಿಯ ಬಗ್ಗೆ ಬಸವಣ್ಣನವರು ಮರುಗಿದ್ದು ಇಲ್ಲಿಯ ಮಕ್ಕಳಿಗೂ ಗೊತ್ತು. ಯೇಸುವನ್ನು ಬೈಬಲು ಕುರಿಮರಿ ಎಂದು ಕರೆಯುತ್ತದೆ. ಕುರಿ ಕಾಯುವವರ ಸೀಮೆಗೆ ಆ ಒಂದು ಮಾತು ಸಾಕಿತ್ತು.

ಮಂಜೇಶ್ವರದ ಗೋವಿಂದ ಪೈಗಳಿಗೆ ಯಾವ ಮಿಷನ್ನೂ ಬೇಕಾಗಲಿಲ್ಲ. ಬುದ್ಧನ ಕೊನೆಯ ಗಳಿಗೆಗಳನ್ನು ‘ವೈಶಾಖಿ’ಯಲ್ಲಿ ಬರೆದ ಕವಿ, ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದರು. ಅವರು ಕ್ರೈಸ್ತರಾಗಲಿಲ್ಲ. ಪರಮತದ ಸಾವೊಂದನ್ನು ಹೀಗೆ ಮನೆಯ ಸಾವಿನಂತೆ ಬರೆಯಬಹುದು ಎಂಬುದು ಕನ್ನಡಕ್ಕೆ ಆಗಲೇ ಗೊತ್ತಿತ್ತು.

ಈಗ ಶಿಲುಬೆ ಕಂಡರೆ ಮೊದಲು ಏಳುವುದು ಲೆಕ್ಕದ ಪ್ರಶ್ನೆ: ಎಷ್ಟು ಮಂದಿ ಮತಾಂತರವಾದರು, ಯಾರು ಮಾಡಿಸಿದರು? 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಪರವಾಗಿ ಕೂಗಿದವರಿಗೂ ವಿರುದ್ಧ ಕೂಗಿದವರಿಗೂ ಶಿಲುಬೆ ಬಾವುಟದ ಮೇಲಿನ ಚಿಹ್ನೆಯಷ್ಟೇ ಆಗಿತ್ತು. ಅದನ್ನು ಹಾಕಿಕೊಂಡವರು ಅದರಲ್ಲಿ ಏನು ಕಂಡರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕೊರಳಿನ ಇಷ್ಟಲಿಂಗದ ಅರ್ಥವನ್ನು ಜಾತಿ ಗಣತಿಯ ಕಾಗದದಲ್ಲಿ ಹುಡುಕುವುದಿಲ್ಲ. ಶಿಲುಬೆಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಶುಭ ಶುಕ್ರವಾರ ಬರುವುದು ಎರೆಹೊಲ ಬಿಸಿಲಿಗೆ ಬಾಯಿಬಿಡುವ ಹೊತ್ತಿಗೆ. ಅಂದು ಅನೇಕ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಕ್ಯಾಥೊಲಿಕರಲ್ಲಿ ಅಂದು ಗಂಟೆ ಬಾರಿಸುವಂತಿಲ್ಲ. ಬದಲಿಗೆ ಮರದ ಗಿಲಕಿಯ ಕಟಕಟ ಸದ್ದು. ಭಕ್ತರು ಸಾಲಾಗಿ ಬಂದು ಮರದ ಶಿಲುಬೆಯ ಪಾದಕ್ಕೆ ಮುತ್ತಿಡುತ್ತಾರೆ. ರಾಜೂರಿನಿಂದ ಬೆಟಗೇರಿಯ ಚರ್ಚಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಬರುವ ವರ್ಷ ಆ ದಿನ ಗೊತ್ತಿರುವ ಕ್ರೈಸ್ತ ಗೆಳೆಯರಿದ್ದರೆ ಅವರ ಜೊತೆ ಹೋಗಿ, ಹಿಂದಿನ ಬೆಂಚಿನಲ್ಲಿ ಆ ಮೂರು ಗಂಟೆ ಕೂತು ಬನ್ನಿ.